ಅಪ್ಪನ 800ಕ್ಕೆ ಸ್ಟಾರ್ಟ್ ಬಟನ್: ಕೀಲಿ ತೆಗೆಯದೆ ಹಾಕುವುದು ಹೇಗೆ?

ಸಾಗರದ 800

ಎಲ್ಲರಿಗೂ ನಮಸ್ಕಾರ. ಪ್ರಶ್ನೆಗಿಂತ ಮೊದಲು ಕಾರಣ ಹೇಳಿಬಿಡುತ್ತೇನೆ. ಇದು ಶೋಕಿಗಾಗಿ ಕೇಳುತ್ತಿರುವುದಲ್ಲ.

ನಮ್ಮ ಮನೆಯಲ್ಲಿ 1997ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಗಾಡಿ, ನಾಲ್ಕು ಗೇರಿನದು. ಅಪ್ಪ ಶಾಲಾ ಮಾಸ್ತರರಾಗಿದ್ದಾಗ ಕೊಂಡದ್ದು. ಈಗ ಅವರಿಗೆ 74. ಕಣ್ಣು, ಕಿವಿ, ಕಾಲು ಎಲ್ಲ ಗಟ್ಟಿಯಾಗಿವೆ. ಬಲಗೈ ಹೆಬ್ಬೆರಳಿನ ಬುಡದ ಕೀಲು ಮಾತ್ರ ಸವೆದಿದೆ. ಕೀಲಿಯನ್ನು ಚಿವುಟಿ ಹಿಡಿಯುವುದೇ ಕಷ್ಟ. ಅದರಲ್ಲೂ ಕೊನೆಯಲ್ಲಿ ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿ ಹಿಡಿಯಬೇಕಲ್ಲ, ಆಗ ಹಲ್ಲು ಕಚ್ಚುತ್ತಾರೆ. ಕಳೆದ ವಾರ ಅಂಗಳದಲ್ಲಿ ನಿಂತು ನೋಡಿದೆ. ಎಡಗೈಯನ್ನು ಸ್ಟೇರಿಂಗ್ ಚಕ್ರದ ನಡುವೆ ತೂರಿಸಿ ಕೀಲಿ ತಿರುಗಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕೈ ಹೊರಗೆ ತೆಗೆದರು.

ಇದರ ಜೊತೆಗೆ ಇನ್ನೊಂದು ತೊಂದರೆಯೂ ಇದೆ. ಮೂರು ಸಲ ತಿರುಗಿಸಿದರೆ ಒಂದು ಸಲ ಸೆಲ್ಫ್ ಹೊಡೆಯುವುದಿಲ್ಲ, ‘ಟಿಕ್’ ಎಂದು ಸುಮ್ಮನಾಗುತ್ತದೆ. ಅಂಗಡಿಯೊಂದರಲ್ಲಿ ಕೇಳಿದೆ. ಕೀಲಿಯ ಇಡೀ ಸೆಟ್ ಕಿತ್ತು ಕೀಲಿಯಿಲ್ಲದ ಕಿಟ್ ಹಾಕುತ್ತೇವೆ, ಆರೂವರೆ ಸಾವಿರ ಆಗುತ್ತದೆ ಎಂದರು. ಸ್ಟೇರಿಂಗ್ ಲಾಕ್ ಗತಿಯೇನು ಎಂದಾಗ ‘ಹಳೆ ಗಾಡಿ, ಯಾರು ಕದಿಯುತ್ತಾರೆ’ ಎಂಬ ಉತ್ತರ ಬಂತು. ನನಗೆ ಸಮಾಧಾನವಾಗಲಿಲ್ಲ. ಕೀಲಿ ಉಳಿಸಿಕೊಂಡೇ ಬಟನ್ ಹಾಕಲು ಬರುತ್ತದೆಯೇ?

ತಂತಿ ಮೇಸ್ತ್ರಿ, ಹುಬ್ಬಳ್ಳಿ

ಬರುತ್ತದೆ ತಂಗಿ, ಹಾಗೆಯೇ ಹಾಕಬೇಕು. ನಾನು 26 ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವನು. ಕೀಲಿ ಇದ್ದಲ್ಲೇ ಇರಲಿ. ಸೆಲ್ಫ್ ಹೊಡೆಯುವ ಕೆಲಸವೊಂದನ್ನು ಮಾತ್ರ ಬಟನ್‌ಗೆ ವಹಿಸಿ.

ಕೀಲಿ ತೂರಿಸುವ ಜಾಗದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮುಂದೆ ಇರುವುದು ಬೀಗ. ಕೀಲಿ ಹೊರಗೆ ತೆಗೆದರೆ ಅದರ ನಾಲಗೆ ಸ್ಟೇರಿಂಗ್ ರಾಡಿನ ಕಚ್ಚಿನಲ್ಲಿ ಕೂರುತ್ತದೆ. ಬೀಗದ ಬೆನ್ನಿಗೆ ಇರುವುದು ಸ್ವಿಚ್. ಬ್ಯಾಟರಿಯಿಂದ ಬಂದ ಕರೆಂಟನ್ನು ಆಕ್ಸೆಸರಿಗೆ, ಇಗ್ನಿಷನ್‌ಗೆ, ಸೆಲ್ಫ್‌ಗೆ ಹಂಚುವುದು ಅದರ ಕೆಲಸ. ಕಿಟ್ ಹಾಕುವವರು ಬೀಗದ ನಾಲಗೆಯನ್ನು ಮುರಿದು ತೆಗೆಯುತ್ತಾರೆ, ಇಲ್ಲವೇ ಕೀಲಿಯನ್ನು ಶಾಶ್ವತವಾಗಿ ಅಲ್ಲೇ ಬಿಡುತ್ತಾರೆ. ಎರಡೂ ಮಾಡದೆ ಸ್ವಿಚ್ಚಿನ ತಂತಿ ಮಾತ್ರ ಬದಲಿಸಿ ಕೀಲಿ ತೆಗೆದಿಟ್ಟರೆ, ಮೊದಲ ತಿರುವಿನಲ್ಲೇ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ. ಅದಕ್ಕಿಂತ ಭಯಂಕರವಾದದ್ದು ಬೇರೆ ಬೇಕೇ?

ನಿಮ್ಮ ‘ಟಿಕ್’ ಬೇರೆಯೇ ರೋಗ. ಸೆಲ್ಫ್ ಮೋಟರಿಗೆ ದಪ್ಪ ಕೇಬಲ್ ಬ್ಯಾಟರಿಯಿಂದ ನೇರವಾಗಿ ಹೋಗುತ್ತದೆ. ಕೀಲಿಯಿಂದ ಹೋಗುವುದು ಸೊಲೆನಾಯ್ಡ್, ಅಂದರೆ ಆ ದಪ್ಪ ಕೇಬಲ್ಲನ್ನು ಮೋಟರಿಗೆ ಕೂಡಿಸುವ ವಿದ್ಯುತ್ಕಾಂತವನ್ನು, ಎಳೆಯುವ ಸಣ್ಣ ತಂತಿ. ಸಣ್ಣದು ಎನ್ನುತ್ತೇವೆ, ಆದರೆ ಎಳೆಯುವ ಆ ಕ್ಷಣದಲ್ಲಿ 30 ಆಂಪಿಯರ್ ಆಸುಪಾಸು ಕರೆಂಟ್ ಅದರಲ್ಲೇ ಹರಿಯುತ್ತದೆ. ಪ್ರತಿಸಲ ಸ್ವಿಚ್ಚಿನೊಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸ್ವಲ್ಪ ಸ್ವಲ್ಪವೇ ಕರಿದಾಗುತ್ತದೆ. 25 ವರ್ಷ ದಾಟಿದ ಸ್ವಿಚ್ಚಿನಲ್ಲಿ ಹೀಗಾಗದಿದ್ದರೇ ಆಶ್ಚರ್ಯ.

ಊಹೆ ಬೇಡ, ಅಳೆಯಿರಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಸೆಲ್ಫ್ ಹೊಡೆಯಲಿ. ಆಗ ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು ವೋಲ್ಟ್ ಇದೆ ನೋಡಿ. ಆಮೇಲೆ ಸೊಲೆನಾಯ್ಡಿನ ಸಣ್ಣ ತಂತಿಯ ತುದಿಯಲ್ಲಿ ಎಷ್ಟು ನೋಡಿ. ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ಸ್ವಿಚ್ಚು ಅಥವಾ ತಂತಿ ಕುಡಿಯುತ್ತಿದೆ ಎಂದರ್ಥ. ಅದಕ್ಕೂ ಮೊದಲು ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಗೇರ್‌ಬಾಕ್ಸಿನಿಂದ ಬಾಡಿಗೆ ಬರುವ ಅರ್ತ್ ಪಟ್ಟಿಯನ್ನು ಬಿಚ್ಚಿ ಉಜ್ಜಿ ಬಿಗಿಯಿರಿ.

ಹೊಸ ಗಾಡಿ, ಮೈಸೂರು

ಇದೇ ಚರ್ಚೆಯಲ್ಲಿ ನನ್ನದನ್ನೂ ಕೇಳಬಹುದೇ? 2018ರ ಡೀಸೆಲ್ ಹ್ಯಾಚ್‌ಬ್ಯಾಕ್ ಇದೆ. ಕೆಳಗಿನ ಮಾದರಿಯಾದ್ದರಿಂದ ಬಟನ್ ಬಂದಿಲ್ಲ. ವಿಮಾನದ ಕಾಕ್‌ಪಿಟ್ಟಿನಂತೆ ಕೆಂಪು ಮುಚ್ಚಳದ ಎರಡು ಟಾಗಲ್ ಸ್ವಿಚ್, ಪಕ್ಕದಲ್ಲೊಂದು ಬಟನ್ ಹಾಕಿಕೊಳ್ಳುವ ಆಸೆ ನನಗೆ ಕಾಲೇಜು ದಿನಗಳಿಂದ ಇದೆ. ಸ್ವಿಚ್ಚುಗಳನ್ನು ತಂದಿಟ್ಟುಕೊಂಡೂ ಆಗಿದೆ. ‘250 ವೋಲ್ಟ್, 6 ಆಂಪಿಯರ್’ ಎಂದು ಬರೆದಿದೆ, ಗಾಡಿಯಲ್ಲಿರುವುದು 12 ವೋಲ್ಟ್ ಮಾತ್ರ. ಧಾರಾಳವಾಗಿ ಸಾಕಲ್ಲವೇ?

ತಂತಿ ಮೇಸ್ತ್ರಿ, ಹುಬ್ಬಳ್ಳಿ

ಸಾಲದು ತಮ್ಮಾ. ಆ ಬರಹ ಮನೆಯ ಎಸಿ ಕರೆಂಟಿಗೆ. ಎಸಿ ಪ್ರತಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಸ್ವಿಚ್ ಬಿಚ್ಚಿಕೊಳ್ಳುವಾಗ ಎದ್ದ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿಯಲ್ಲಿ ಆ ವಿರಾಮವಿಲ್ಲ. ಕಿಡಿ ಎಳೆದುಕೊಂಡು ಹೋಗಿ ಕಾಂಟ್ಯಾಕ್ಟನ್ನು ಸುಡುತ್ತದೆ. ಜೊತೆಗೆ ಇಗ್ನಿಷನ್ ಲೈನಿನಲ್ಲಿ ಹರಿಯುವುದು 6 ಆಂಪಿಯರ್‌ಗಿಂತ ಎಷ್ಟೋ ಹೆಚ್ಚು. ಸ್ವಿಚ್ಚಿನ ಮೇಲೆ ‘12 ವೋಲ್ಟ್ ಡಿಸಿ, 20 ಆಂಪಿಯರ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹಾಗಿದ್ದರೂ ಭಾರ ಹೊರುವ ಕೆಲಸ ರಿಲೇಯದ್ದೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ ಅದು), ನಿಮ್ಮ ಸ್ವಿಚ್ಚು ರಿಲೇಯನ್ನು ಎಬ್ಬಿಸಿದರೆ ಸಾಕು.

ಆದರೆ ನಿಮ್ಮ ಗಾಡಿಯಲ್ಲಿ ಮುಖ್ಯವಾದ ಅಡ್ಡಿ ಅದಲ್ಲ. 2018ರ ಗಾಡಿಯ ಕೀಲಿಯ ತಲೆಯಲ್ಲಿ ಚಿಪ್ ಇರುತ್ತದೆ, ಬೀಗದ ಸುತ್ತ ಅದನ್ನು ಓದುವ ಸುರುಳಿ ಇರುತ್ತದೆ. ಚಿಪ್ ಸಿಗದಿದ್ದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಅದಕ್ಕೇ ಇಮ್ಮೊಬಿಲೈಸರ್ ಎನ್ನುವುದು. ಅದನ್ನು ದಾಟಿಸಲು ಅಂಗಡಿಯವರು ಏನು ಮಾಡುತ್ತಾರೆಂದು ಕೆಳಗೆ ಯಾರಾದರೂ ಅನುಭವಸ್ಥರು ಹೇಳಬಹುದು. ನಾನು ಹಾಗೆ ಮಾಡಿಕೊಟ್ಟಿಲ್ಲ, ಮಾಡಿಕೊಡುವುದೂ ಇಲ್ಲ.

ಘಟ್ಟದ ದಾರಿ, ಮಂಗಳೂರು

ಆ ಅನುಭವಸ್ಥ ನಾನೇ. ಮೈಸೂರಿನವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ಎರಡು ವರ್ಷದ ಹಿಂದೆ ನನ್ನ ಪೆಟ್ರೋಲ್ ಗಾಡಿಗೆ ಬಟನ್ ಕಿಟ್ ಹಾಕಿಸಿದೆ. ಜೇಬಿನಲ್ಲಿ ರಿಮೋಟ್ ಇದ್ದರೆ ಸಾಕು, ಬ್ರೇಕ್ ತುಳಿದು ಬಟನ್ ಒತ್ತಿದರೆ ಚಾಲೂ. ಎಂಟು ತಿಂಗಳು ಒಂದು ತೊಂದರೆಯೂ ಇರಲಿಲ್ಲ. ಮಳೆಗಾಲದ ಒಂದು ರಾತ್ರಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಹೆಂಡತಿ ಪಕ್ಕದಲ್ಲಿ, ಮಗಳು ಹಿಂದೆ ಮಲಗಿದ್ದಳು. ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಆರಿ, ಎಂಜಿನ್ ನಿಂತುಹೋಯಿತು. ಸ್ಟೇರಿಂಗ್ ಕಲ್ಲಿನಂತಾಯಿತು. ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ತುಳಿಯುವಷ್ಟಕ್ಕೆ ಮಾತ್ರ ಇರುತ್ತದೆ ಎಂದು ಎಲ್ಲೋ ಓದಿದ್ದು ಆಗ ನೆನಪಾಯಿತು. ಪದೇ ಪದೇ ತುಳಿಯದೆ ಒಂದೇ ಸಲ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು ಬಂಡೆಯ ಕಡೆಗೆ ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಟ್ಯಾಂಕರಿನವರು ಹಾರ್ನ್ ಹೊಡೆದುಕೊಂಡೇ ಪಕ್ಕದಿಂದ ದಾಟಿದರು. ಅವರು ದಾಟುವಾಗಿನ ಗಾಳಿಗೆ ನಮ್ಮ ಗಾಡಿ ಅಲುಗಿದ್ದು ಇವತ್ತಿಗೂ ಮೈಯಲ್ಲಿದೆ.

ಮರುದಿನ ಬೇರೆ ಎಲೆಕ್ಟ್ರಿಷಿಯನ್ ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಇಗ್ನಿಷನ್ ತಂತಿಯನ್ನು ಕತ್ತರಿಸಿ, ಕಿಟ್ಟಿನ ತಂತಿಯೊಂದಿಗೆ ಕೈಯಲ್ಲೇ ತಿರುಚಿ, ಕಪ್ಪು ಟೇಪ್ ಸುತ್ತಿದ್ದರು. ನಮ್ಮೂರಿನ ಸೆಖೆಗೆ ಟೇಪಿನ ಅಂಟು ಕರಗಿ ಟೇಪ್ ಜಾರಿತ್ತು. ತಂತಿಯ ತುದಿ ಬಿಸಿಯಾಗಿ ಬಿಸಿಯಾಗಿ ನೀಲಿಗಟ್ಟಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ನನ್ನ ಎರಡನೆಯ ಕೀಲಿಯನ್ನು ‘ಪ್ರೋಗ್ರಾಮಿಂಗ್‌ಗೆ ಬೇಕು’ ಎಂದು ಇಸಿದುಕೊಂಡಿದ್ದರಲ್ಲ, ಅದರ ತಲೆಯನ್ನು ಒಡೆದು ಚಿಪ್ ತೆಗೆದು ಬೀಗದ ಸುರುಳಿಗೆ ಅಂಟಿಸಿದ್ದರು. ಅಂದರೆ ಎಂಟು ತಿಂಗಳು ನನ್ನ ಗಾಡಿ, ಯಾರು ಬಂದು ಎರಡು ತಂತಿ ಮುಟ್ಟಿಸಿದರೂ ಚಾಲೂ ಆಗುವ ಸ್ಥಿತಿಯಲ್ಲಿ ಬೀದಿಯಲ್ಲಿ ನಿಂತಿತ್ತು. ಹಣ ಕೊಟ್ಟು ನಾನೇ ಹಾಗೆ ಮಾಡಿಸಿಕೊಂಡಿದ್ದೆ.

ಈಗ ಮೂಲ ಸ್ವಿಚ್ ಮತ್ತೆ ಹಾಕಿಸಿದ್ದೇನೆ. ಕೀಲಿ ತಿರುಗಿಸಿಯೇ ಹೋಗುತ್ತೇನೆ.

ಮೂಡಿಗೆರೆ ಜೀಪು

ಓದಿ ಎದೆ ಝಲ್ಲೆಂದಿತು. ದೇವರು ದೊಡ್ಡವನು.

ಟಾಗಲ್ ಆಸೆಯ ಮೈಸೂರಿನವರಿಗೆ ಒಂದು ಮಾತು. ಅದು ಹೊಸ ಫ್ಯಾಷನ್ ಅಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪುಗಳಿಗೆ ಮೊದಲು ಕೀಲಿ ಇತ್ತು, ನಂತರದವುಗಳಲ್ಲಿ ಕೀಲಿಯನ್ನೇ ತೆಗೆದು ಸಣ್ಣ ಲಿವರ್ ಸ್ವಿಚ್ ಇಟ್ಟರು. ಯುದ್ಧಭೂಮಿಯಲ್ಲಿ ಕೀಲಿ ಹುಡುಕುತ್ತಾ ಕೂರಲು ಆಗುತ್ತದೆಯೇ? ಸೆಲ್ಫ್‌ಗೆ ಕಾಲಿನ ಕೆಳಗೆ ಒತ್ತುವ ಗುಂಡಿ. ನಮ್ಮ ತೋಟದ ಹಳೆಯ ಜೀಪಿನಲ್ಲಿ ಅಜ್ಜ ಬೂಟುಗಾಲಿನಲ್ಲಿ ಅದನ್ನು ಮೆಟ್ಟುತ್ತಿದ್ದದ್ದು ನೋಡಿದ್ದೇನೆ. ಹಳೆಯ ಅಂಬಾಸಡರ್ ಬಾನೆಟ್ ಎತ್ತಿದರೆ ಸೊಲೆನಾಯ್ಡಿನ ಮೇಲೆ ರಬ್ಬರ್ ಟೋಪಿಯ ಗುಂಡಿ ಇರುತ್ತಿತ್ತು. ಟ್ಯಾಪೆಟ್ ಹೊಂದಿಸುವಾಗ ಮೆಕ್ಯಾನಿಕ್ ಒಳಗೆ ಹೋಗದೆ ಅಲ್ಲಿಂದಲೇ ಎಂಜಿನ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಿದ್ದ.

ನನ್ನ ಈಗಿನ ಜೀಪಿನಲ್ಲಿ ಟಾಗಲ್ ಇದೆ. ಆದರೆ ಅದು ಗಾಡಿ ಚಾಲೂ ಮಾಡಲು ಅಲ್ಲ, ಆಗದಂತೆ ತಡೆಯಲು. ಸೆಲ್ಫ್ ರಿಲೇಯ ದಾರಿಯಲ್ಲಿ ಸೀಟಿನ ಕೆಳಗೆ ಕೈಗೆ ಸಿಕ್ಕಿ ಕಣ್ಣಿಗೆ ಸಿಗದಂತೆ ಇಟ್ಟಿದ್ದೇನೆ. ಖರ್ಚು ತೀರಾ ಕಡಿಮೆ, ಕೀಲಿ ನಕಲು ಮಾಡಿಕೊಂಡು ಬಂದವನಿಗೂ ಸೆಲ್ಫ್ ಹೊಡೆಯುವುದಿಲ್ಲ.

ನ್ಯಾವಿಗೇಟರ್, ಬೆಂಗಳೂರು

ರ್‍ಯಾಲಿ ಕಾರುಗಳಲ್ಲಿ ಟಾಗಲ್ ನೋಡಿ ಆಸೆ ಹುಟ್ಟುವುದು ಸಹಜ. ಕೆ-1000 ರ್‍ಯಾಲಿಯ ಸರ್ವಿಸ್ ಜಾಗದಲ್ಲಿ ನಿಂತು ನಾನೂ ಹಾಗೆಯೇ ಬಾಯಿಬಿಟ್ಟು ನೋಡಿದವನು. ಆದರೆ ಆ ಗಾಡಿಗಳಲ್ಲಿ ಮೊದಲು ಕಡ್ಡಾಯವಾಗುವುದು ಎಲ್ಲವನ್ನೂ ಆರಿಸುವ ಮಾಸ್ಟರ್ ಸ್ವಿಚ್. ಬಿಳಿ ಅಂಚಿನ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು ಇರುತ್ತದಲ್ಲ, ಅದೇ. ಒಳಗೆ ಕೂತವರಿಗೂ ಹೊರಗೆ ನಿಂತ ಮಾರ್ಷಲ್‌ಗೂ ಎಟುಕಬೇಕು. ಬ್ಯಾಟರಿಯನ್ನಷ್ಟೇ ಕಡಿದರೆ, ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ತಾನೇ ಇಗ್ನಿಷನ್‌ಗೆ ಕರೆಂಟ್ ಕೊಟ್ಟು ಎಂಜಿನ್ ಓಡುತ್ತಲೇ ಇರಬಹುದು. ಅದಕ್ಕೆ ಆ ಸ್ವಿಚ್ಚಿನಲ್ಲಿ ಇಗ್ನಿಷನ್ ಕಡಿಯಲು ಬೇರೆ ಕಾಂಟ್ಯಾಕ್ಟು, ಆಲ್ಟರ್ನೇಟರಿನ ಉಳಿಕೆ ಕರೆಂಟ್ ಇಳಿಸಲು 3 ಓಮ್ ರೆಸಿಸ್ಟರ್ ಇರುತ್ತವೆ. ಇದೆಲ್ಲವನ್ನೂ ಬಿಟ್ಟು ಕೆಂಪು ಮುಚ್ಚಳವನ್ನು ಮಾತ್ರ ತರುವುದು ಸರಿಯಲ್ಲ.

ಸಾಗರದ 800

ಮೇಸ್ತ್ರಿ ಅಣ್ಣ, ಅಳೆದೆ. ಅರ್ತ್ ಪಟ್ಟಿ ಉಜ್ಜಿ, ಟರ್ಮಿನಲ್ ತೊಳೆದ ಮೇಲಿನ ಲೆಕ್ಕ ಇದು. ಗಾಡಿ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.6. ಅದೇ ಹೊತ್ತಿಗೆ ಸೊಲೆನಾಯ್ಡಿನ ಸಣ್ಣ ತಂತಿಯಲ್ಲಿ 8.1. ಎರಡೂವರೆ ವೋಲ್ಟ್ ಕಾಣೆಯಾಗಿದೆ. ಮಲ್ಟಿಮೀಟರ್ ಹಿಡಿದವರು ಅಪ್ಪ, ಸೆಲ್ಫ್ ಹೊಡೆದವಳು ನಾನು. ಅವರು ಅಂಕಿಗಳನ್ನು ಹಾಜರಿ ಪುಸ್ತಕದಂತೆ ಗೆರೆ ಎಳೆದು ಬರೆದಿಟ್ಟಿದ್ದಾರೆ.

ತಂತಿ ಮೇಸ್ತ್ರಿ, ಹುಬ್ಬಳ್ಳಿ

ಹಾಗಾದರೆ ಒಂದೇ ರಿಲೇಯಲ್ಲಿ ಎರಡೂ ರೋಗ ವಾಸಿ. ಬರೆದುಕೊಳ್ಳಿ, ಅಪ್ಪನವರಿಗೂ ತೋರಿಸಿ.

40 ಆಂಪಿಯರ್‌ನ ನಾಲ್ಕು ಕಾಲಿನ ರಿಲೇ ತನ್ನಿ. ಕಾಲುಗಳ ಮೇಲೆ ಅಂಕಿ ಇರುತ್ತದೆ. 30ನೆಯ ಕಾಲಿಗೆ ಬ್ಯಾಟರಿಯ ಪ್ಲಸ್ಸಿನಿಂದ 4 ಚದರ ಮಿಲಿಮೀಟರ್ ತಂತಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ರಿಲೇಯನ್ನು ಕಾಪಾಡಲು ಅಲ್ಲ, ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಏಳದಿರಲು. ಆದ್ದರಿಂದ ಅದು ಬ್ಯಾಟರಿಯ ಹತ್ತಿರವೇ ಇರಬೇಕು. 87ನೆಯ ಕಾಲಿನಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ ಅಷ್ಟೇ ದಪ್ಪದ ತಂತಿ.

86ಕ್ಕೆ ಬಟನ್‌ನಿಂದ ಬರುವ ತಂತಿ. ಆ ಬಟನ್‌ಗೆ ಕರೆಂಟ್ ಕೊಡುವುದು ಕೀಲಿ ಆನ್ ಮಾಡಿದ ಮೇಲೆ ಬರುವ ಇಗ್ನಿಷನ್ ಲೈನಿನಿಂದ, ಸಣ್ಣ ಫ್ಯೂಸ್ ಮೂಲಕ. ಬ್ಯಾಟರಿಯಿಂದ ನೇರವಾಗಿ ಕೊಡಬೇಡಿ. ಕೀಲಿ ಇಲ್ಲದೆ ಬಟನ್ ಒತ್ತಿದರೆ ಏನೂ ಆಗಬಾರದು. ರಿಲೇ ಸುರುಳಿ ಎಳೆಯುವುದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ, ಹಾಗಾಗಿ ಬಟನ್ ಸುಡುವ ಭಯವಿಲ್ಲ.

85 ಅರ್ತ್‌ಗೆ, ಆದರೆ ನೇರವಾಗಿ ಬೇಡ. ಬ್ರೇಕ್ ಲೈಟಿನ ಸ್ವಿಚ್ ಒಂದನ್ನು ತಂದು ಕ್ಲಚ್ ಪೆಡಲಿನ ಮೇಲೆ ಸಣ್ಣ ಪಟ್ಟಿ ಬಗ್ಗಿಸಿ ಕೂರಿಸಿ. ಪೆಡಲ್ ತುಳಿದಾಗ ಕೂಡಿಕೊಳ್ಳುವ ಸ್ವಿಚ್ ಅದು, ನಮಗೆ ಬೇಕಾದದ್ದೂ ಅದೇ. 85 ಆ ಸ್ವಿಚ್ಚಿನ ಮೂಲಕ ಅರ್ತ್ ಆಗಲಿ. ಗೇರಿನಲ್ಲಿ ನಿಂತ ಗಾಡಿಯಲ್ಲಿ ಮೊಮ್ಮಗು ಬಟನ್ ಒತ್ತಿದರೂ ಗಾಡಿ ಜಿಗಿಯುವುದಿಲ್ಲ.

ಇನ್ನೊಂದು. ಸೊಲೆನಾಯ್ಡಿನಿಂದ ಬಿಚ್ಚಿದ ಹಳೆಯ ತಂತಿಯನ್ನು ಬಿಸಾಡಬೇಡಿ. ಅದರಲ್ಲಿ ಬೇರೇನೂ ಕವಲೊಡೆದಿಲ್ಲ ಎಂದು ಖಚಿತಪಡಿಸಿಕೊಂಡು ಅದನ್ನೂ 86ಕ್ಕೇ ಸೇರಿಸಿ. ಆಗ ಬಟನ್ ಕೈಕೊಟ್ಟ ದಿನ ಕೀಲಿಯನ್ನು ಪೂರ್ತಿ ತಿರುಗಿಸಿದರೂ ಸೆಲ್ಫ್ ಹೊಡೆಯುತ್ತದೆ, ರಿಲೇ ಮೂಲಕವೇ.

ಪದ್ಮಿನಿ, ದಾವಣಗೆರೆ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಪ್ರೀಮಿಯರ್ ಪದ್ಮಿನಿಗೂ ಇದೇ ರೀತಿ ನಡೆಯುತ್ತದೆಯೇ?

ತಂತಿ ಮೇಸ್ತ್ರಿ, ಹುಬ್ಬಳ್ಳಿ

ನಡೆಯುತ್ತದೆ. ಕಿಡಿ ಹುಟ್ಟಿಸುವ ಕಾಯಿಲಿನ ದಾರಿಯಲ್ಲಿ ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಸೆಲ್ಫ್ ಹೊಡೆಯುವಾಗ ಅದನ್ನು ದಾಟಿಸಿ ಕಾಯಿಲಿಗೆ ನೇರ ಕರೆಂಟ್ ಕೊಡುವ ತಂತಿಯೂ ಇರಬಹುದು. ಬಟನ್ ಹಾಕುವಾಗ ಅದನ್ನು ಮರೆತರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ.

ನ್ಯಾವಿಗೇಟರ್, ಬೆಂಗಳೂರು

ಮೇಸ್ತ್ರಿಯವರೇ, ಒಂದು ಸೂಚನೆ. ಎಂಜಿನ್ ಓಡುತ್ತಿರುವಾಗ ಮರೆತು ಬಟನ್ ಒತ್ತಿದರೆ ಫ್ಲೈವೀಲಿನ ಹಲ್ಲು ಹಾಳಾಗುತ್ತದಲ್ಲ? 85ರ ಅರ್ತನ್ನು ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಕೊಟ್ಟರೆ ಹೇಗೆ? ಎಂಜಿನ್ ನಿಂತಾಗ ಅದು ಅರ್ತ್ ಆಗಿರುತ್ತದೆ, ಓಡುವಾಗ ಬಿಟ್ಟುಕೊಳ್ಳುತ್ತದೆ.

ತಂತಿ ಮೇಸ್ತ್ರಿ, ಹುಬ್ಬಳ್ಳಿ

ಯೋಚನೆ ಚೆನ್ನಾಗಿದೆ ಸರ್, ನಾನೂ ಒಮ್ಮೆ ಮಾಡಿ ನೋಡಿದ್ದೆ. ಸೆಲ್ಫ್ ಹೊಡೆಯುವಾಗಲೇ ಆಯಿಲ್ ಪಂಪ್ ತಿರುಗಿ ಒತ್ತಡ ಏರುತ್ತದೆ. ಎಂಜಿನ್ ಹತ್ತಿಕೊಳ್ಳುವ ಮೊದಲೇ ಸ್ವಿಚ್ ಬಿಟ್ಟುಕೊಂಡು ರಿಲೇ ಕೆಳಗೆ ಬೀಳುತ್ತದೆ. ಒತ್ತಡ ಇಳಿದರೆ ಮತ್ತೆ ಏಳುತ್ತದೆ. ಚಳಿಗಾಲದ ಬೆಳಗ್ಗೆ ಗಿರಾಕಿ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ.

ಕೀಲಿಯ ಸ್ವಿಚ್ಚಿನಲ್ಲಿ ಕಂಪನಿಯವರು ಸಾಮಾನ್ಯವಾಗಿ ಎರಡು ಉಪಾಯ ಇಟ್ಟಿರುತ್ತಾರೆ. ಒಮ್ಮೆ ಸೆಲ್ಫ್ ಹೊಡೆದ ಮೇಲೆ ಹಿಂದಕ್ಕೆ ಹೋಗದೆ ಎರಡನೆಯ ಸಲ ಹೊಡೆಯಲು ಬಿಡುವುದಿಲ್ಲ. ಸೆಲ್ಫ್ ಹೊಡೆಯುವ ಹೊತ್ತಿಗೆ ಆಕ್ಸೆಸರಿ ಲೈನನ್ನು ಕಡಿದು, ಇರುವ ಬ್ಯಾಟರಿ ಶಕ್ತಿಯನ್ನೆಲ್ಲ ಮೋಟರಿಗೆ ಬಿಡುತ್ತದೆ. ಬಟನ್‌ಗೆ ಇವೆರಡೂ ಇಲ್ಲ. ಹಾಗಾಗಿ ಅಪ್ಪನವರಿಗೆ ಎರಡು ರೂಢಿ ಬೇಕು. ಬಟನ್ ಒತ್ತುವ ಮೊದಲು ಬ್ಲೋವರ್, ವೈಪರ್ ಆರಿಸುವುದು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಉರಿಯುತ್ತಿದ್ದರೆ ಮಾತ್ರ ಒತ್ತುವುದು. ಆ ದೀಪ ಆರಿದೆ ಎಂದರೆ ಎಂಜಿನ್ ಓಡುತ್ತಿದೆ.

ಕೀಲಿಯನ್ನು ಆನ್‌ವರೆಗೆ ತಿರುಗಿಸುವ ನೋವು ಉಳಿಯಿತಲ್ಲ? ಕೀಲಿಯ ತಲೆಗೆ ಅಗಲವಾದ ಹಿಡಿ ಮಾಡಿಸಿ, ಚಿವುಟುವ ಬದಲು ಇಡೀ ಅಂಗೈಯಿಂದ ತಿರುಗಿಸಬಹುದು.

ಟ್ರಾಯ್, ಮಿಷಿಗನ್

ಹಿಡಿ ಎಂದಾಗ ಬರೆಯಲೇಬೇಕೆನಿಸಿತು. ನಾನಿರುವುದು ಡೆಟ್ರಾಯಿಟ್ ಪಕ್ಕದಲ್ಲಿ, ಕೆಲಸವೂ ವಾಹನ ಉದ್ಯಮದಲ್ಲೇ. ಹಿಡಿ ಹಗುರವಾಗಿರಲಿ, ಮೊಣಕಾಲಿಗೆ ತಾಗದಿರಲಿ.

2014ರಲ್ಲಿ ಜನರಲ್ ಮೋಟರ್ಸ್ ಕಂಪನಿ ಶೆವ್ರೊಲೆ ಕೋಬಾಲ್ಟ್ ಮುಂತಾದ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಕಾರಣ ಇದೇ ಇಗ್ನಿಷನ್ ಸ್ವಿಚ್. ಒಳಗೆ ಕೀಲಿಯನ್ನು ತನ್ನ ಜಾಗದಲ್ಲಿ ಹಿಡಿದಿಡುವ ಬಿಗಿ ಸಾಲದಾಗಿತ್ತು. ಭಾರದ ಕೀಲಿಗೊಂಚಲು ಜೋತುಬಿದ್ದರೆ ಅಥವಾ ಮೊಣಕಾಲು ತಾಗಿದರೆ ಓಡುತ್ತಿರುವಾಗಲೇ ಕೀಲಿ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಂತು, ಸ್ಟೇರಿಂಗ್ ಬಿಗಿದು, ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳದೆ ಹೋಯಿತು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಘಟ್ಟದ ದಾರಿಯವರ ಬರಹ ಓದುವಾಗ ನನಗೆ ನೆನಪಾದದ್ದು ಇದು.

1912ರ ಕ್ಯಾಡಿಲ್ಯಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸೆಲ್ಫ್ ಬಂದಾಗ ಹ್ಯಾಂಡಲ್ ತಿರುವಿ ಕೈ ಮುರಿದುಕೊಳ್ಳುವುದು ತಪ್ಪಿತು. ಸೆಲ್ಫನ್ನೂ ಕೀಲಿಯಲ್ಲೇ ಸೇರಿಸಿದ್ದು 1949ರಲ್ಲಿ ಕ್ರೈಸ್ಲರ್. ಕೀಲಿ ತಿರುಗಿಸಿ ಬಟನ್ ಒತ್ತುವ ನಿಮ್ಮ ಕ್ರಮ 1999ರ ಹೋಂಡಾ ಎಸ್2000 ಕಾರಿನಲ್ಲಿ ಕಂಪನಿಯಿಂದಲೇ ಬಂದಿತ್ತು. ನೀವು ಆಯ್ದುಕೊಂಡ ದಾರಿ ಅಪರೂಪದ್ದೇನೂ ಅಲ್ಲ.

ವಿಮೆ ಸಮೀಕ್ಷಕ

ಕೆಲಸ ಮುಗಿಸುವ ಮೊದಲು ಕಾಗದದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುವುದು ನೋಂದಣಿ ಪತ್ರದಲ್ಲಿರುವ ವಿವರ ಮೂಲದಿಂದ ಬೇರೆಯಾಗುವಂತಹ ಬದಲಾವಣೆಯನ್ನು. ಸ್ಟಾರ್ಟ್ ಬಟನ್ ಅಂತಹ ವಿವರವಲ್ಲ. ಆದರೆ ವಿಮಾ ಕಂಪನಿಗೆ ಒಂದು ಪತ್ರ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಬೆಂಕಿ ಪ್ರಕರಣಗಳಲ್ಲಿ ನಾನು ಮೊದಲು ಹುಡುಕುವುದೇ ಫ್ಯೂಸ್ ಇಲ್ಲದೆ ಜೋಡಿಸಿದ ಹೊರಗಿನ ತಂತಿಯನ್ನು. ಕಳವಾದಾಗ ಎರಡೂ ಕೀಲಿ ಒಪ್ಪಿಸಿ ಎಂದು ಕೇಳುತ್ತಾರೆ. ಒಂದರ ತಲೆ ಒಡೆದು ಚಿಪ್ ತೆಗೆಸಿದವರು ಆಗ ಏನು ಕೊಡುತ್ತಾರೆ? ಮೈಸೂರಿನವರು ಇದನ್ನು ಗಮನಿಸಬೇಕು.

ಹೊಸ ಗಾಡಿ, ಮೈಸೂರು

ಗಮನಿಸಿದೆ ಸರ್. ಸ್ವಿಚ್ಚುಗಳನ್ನು ಪೆಟ್ಟಿಗೆಯಲ್ಲೇ ಇಟ್ಟೆ. ಘಟ್ಟದ ದಾರಿಯವರ ಬರಹವನ್ನು ಮನೆಯಲ್ಲಿ ಓದಿ ಹೇಳಿದೆ, ಆಮೇಲೆ ಯಾರೂ ಮಾತನಾಡಲಿಲ್ಲ. ಮುಂದೆ ಗಾಡಿ ಬದಲಿಸುವಾಗ ಬಟನ್ ಇರುವ ಮಾದರಿಯನ್ನೇ ಕೊಳ್ಳುತ್ತೇನೆ.

ಸಾಗರದ 800

ಹಾಕಿ ಆಯಿತು. ಎರಡು ಭಾನುವಾರ ಹಿಡಿಯಿತು.

ಡ್ಯಾಶ್‌ಬೋರ್ಡಿಗೆ ತೂತು ಕೊರೆದ ಮೇಲೆ ಮುಚ್ಚಲು ಬರುವುದಿಲ್ಲವಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದರು. ನೀರಿನ ಬಾಟಲಿಯ ಮೂರು ಮುಚ್ಚಳಗಳನ್ನು ಎರಡು ಬದಿಯ ಟೇಪಿನಿಂದ ಮೂರು ಕಡೆ ಅಂಟಿಸಿದರು. ಎರಡು ದಿನ ಗಾಡಿ ಹತ್ತಿದಾಗಲೆಲ್ಲ ಕ್ಲಚ್ ತುಳಿದು, ಒಂದೊಂದೇ ಮುಚ್ಚಳವನ್ನು ಒತ್ತಿ ನೋಡಿದರು. ಸ್ಟೇರಿಂಗಿನ ಎಡಕ್ಕೆ, ಗೇರ್‌ನಿಂದ ಕೈ ಎತ್ತಿದರೆ ನೇರವಾಗಿ ಸಿಗುವಲ್ಲಿದ್ದ ಮುಚ್ಚಳ ಗೆದ್ದಿತು. ಬಟನ್ ಆಗಿ ಕಾರ್ಖಾನೆಯ ಯಂತ್ರಗಳಲ್ಲಿರುವಂತಹ ಅಗಲ ತಲೆಯ ಹಸಿರು ಬಟನ್ ತಂದೆವು. 22 ಮಿಲಿಮೀಟರ್ ತೂತು ಸಾಕಾಯಿತು. ಬೆರಳೇ ಬೇಕಿಲ್ಲ, ಎಡ ಅಂಗೈಯ ಬುಡದಿಂದ ಒತ್ತುತ್ತಾರೆ.

ತಂತಿಯ ತುದಿಗಳನ್ನೆಲ್ಲ ಥಿಂಬಲ್ ಹಾಕಿ ಕ್ರಿಂಪ್ ಮಾಡಿದೆವು, ಮೇಲೆ ಬಿಸಿಗೆ ಮುದುಡುವ ಸ್ಲೀವ್. ಟೇಪ್ ಎಲ್ಲೂ ಇಲ್ಲ. ಬಾನೆಟ್ಟಿನಿಂದ ಒಳಗೆ ತಂತಿ ತರುವ ತೂತಿಗೆ ರಬ್ಬರ್ ಗ್ರೊಮೆಟ್ ಹಾಕಿದೆವು. ಕ್ಲಚ್ ಸ್ವಿಚ್ ಕೂರಿಸುವುದೇ ಎಲ್ಲಕ್ಕಿಂತ ತ್ರಾಸದ ಕೆಲಸ. ತಲೆ ಕೆಳಗೆ ಮಾಡಿ ಮಲಗಿ ಪಟ್ಟಿಯನ್ನು ನಾಲ್ಕು ಸಲ ಬಗ್ಗಿಸಬೇಕಾಯಿತು.

ಈಗ ಸೆಲ್ಫ್ ಹೊಡೆಯುವಾಗ ಸೊಲೆನಾಯ್ಡಿನಲ್ಲಿ 10.2 ವೋಲ್ಟ್. ‘ಟಿಕ್’ ಇಲ್ಲವೇ ಇಲ್ಲ. ಕೀಲಿಗೆ ನಮ್ಮ ಬಡಗಿ ಹಲಸಿನ ಮರದ ತೆಳು ಹಿಡಿ ಮಾಡಿಕೊಟ್ಟರು, ಹೆಬ್ಬೆರಳಿನಷ್ಟೇ ಉದ್ದ. ಮಿಷಿಗನ್ ಅವರ ಮಾತು ಓದಿದ ಮೇಲೆ ಅಪ್ಪ ಅದನ್ನು ಅರ್ಧ ಇಂಚು ಇನ್ನೂ ಕತ್ತರಿಸಿ, ಉಳಿದ ಗೊಂಚಲನ್ನು ಮನೆಯ ಮೊಳೆಗೆ ತೂಗುಹಾಕಿದರು. ವಿಮೆಗೆ ಪತ್ರವೂ ಹೋಗಿದೆ.

ನಿನ್ನೆ ಒಬ್ಬರೇ ಕೆಳದಿಗೆ ಹೋಗಿ ಬಂದರು. ಹೊರಡುವಾಗ ನಾನು ಕಿಟಕಿಯಿಂದ ನೋಡುತ್ತಿದ್ದೆ. ಬ್ಲೋವರ್ ಆರಿಸಿದರು, ಕೆಂಪು ದೀಪ ನೋಡಿದರು, ಒತ್ತಿದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಇತ್ತು.

ಮೇಸ್ತ್ರಿ ಅಣ್ಣ, ಒಂದೇ ಒಂದು ಕೊನೆಯ ಪ್ರಶ್ನೆ. ನಮ್ಮಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ರಿಲೇಯನ್ನು ಬ್ಯಾಟರಿಯ ಪಕ್ಕ ಕೂರಿಸಿದ್ದೇವೆ. ನೀರು ಇಳಿಯದಂತೆ ಏನು ಮಾಡಬೇಕು?

ತಂತಿ ಮೇಸ್ತ್ರಿ, ಹುಬ್ಬಳ್ಳಿ

ಅಂಗೈಯಿಂದ ಒತ್ತುತ್ತಾರೆ ಎಂದು ಓದಿ ಬಹಳ ಸಂತೋಷವಾಯಿತು ತಂಗಿ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ರಿಲೇಯ ಕಾಲುಗಳು ಕೆಳಮುಖವಾಗಿರಲಿ, ಮೇಲ್ಮುಖವಾಗಿದ್ದರೆ ಸಾಕೆಟ್ಟೇ ಬಟ್ಟಲಾಗುತ್ತದೆ. ತಂತಿಗಳು ರಿಲೇಗೆ ಏರುವ ಮೊದಲು ಕೆಳಕ್ಕೆ ಒಂದು ಬಳುಕು ಬಿಟ್ಟು ಕಟ್ಟಿ. ತಂತಿಗುಂಟ ಬಂದ ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಮೇಲೆ ಹತ್ತುವುದಿಲ್ಲ. ಸಾಕೆಟ್ಟಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ. ಒಂದು ತಿಂಗಳಾದ ಮೇಲೆ ಬ್ಯಾಟರಿ ಕಡೆಯ ನಟ್ಟನ್ನು ಮತ್ತೊಮ್ಮೆ ಬಿಗಿಯಿರಿ, ಹೊಸ ಲಗ್ (ತಂತಿ ತುದಿಯ ಲೋಹದ ಬಳೆ) ಮೊದಲ ತಿಂಗಳು ಸ್ವಲ್ಪ ಸಡಿಲಾಗುತ್ತದೆ. ಬಿಗಿಯುವಾಗ ಮೈನಸ್ ಕೇಬಲ್ಲನ್ನು ಮೊದಲು ಬಿಚ್ಚಿಡುವುದನ್ನು ಮರೆಯಬೇಡಿ.